ಮಾತಿನಲ್ಲಿ ಮಾತ್ರ ಮುರಿಯುವ ದನಿ

ನಮ್ಮ ಚಿಕ್ಕಮ್ಮನವರು ಹಳ್ಳಿಯ ಪ್ರಾಥಮಿಕ ಶಾಲೆಯೊಂದರಲ್ಲಿ 20 ವರ್ಷಗಳ ಕಾಲ ಉಪಾಧ್ಯಾಯಿನಿಯಾಗಿದ್ದರು. ಅವರ ಕಂಠವು ಗಂಟೆಯಂತಹುದೆಂದು ಊರಿನವರೆಲ್ಲ ಹೇಳುತ್ತಿದ್ದರು. ಶಾಲೆಯ ಜಗಲಿಯಲ್ಲಿ ನಿಂತು ಅವರು ಕೂಗಿದರೆ ಕೆರೆಯ ಏರಿಯ ಮೇಲೆ ಆಡುತ್ತಿದ್ದ ಹುಡುಗರು ಆಟ ಬಿಟ್ಟು ಓಡಿಬರುತ್ತಿದ್ದರು. ಅವರಿಗೆ 42 ವರ್ಷ ತುಂಬಿದ ಕಾಲಕ್ಕೆ ಈ ಕಂಠಕ್ಕೆ ಏನೋ ಒಂದು ತೊಡಕು ಬಂದಿತು. ಮೊದಮೊದಲು ದೂರವಾಣಿಯಲ್ಲಿ ಮಾತ್ರ. "ಯಾರು?" ಎಂದು ಕೇಳಹೋದರೆ ಮೊದಲನೆಯ ಅಕ್ಷರದಲ್ಲಿಯೇ ಯಾರೋ ಕುತ್ತಿಗೆಯನ್ನು ಹಿಚುಕಿದಂತೆ ಶಬ್ದವು ನಿಂತು, ಮರುಕ್ಷಣದಲ್ಲಿ ಬಿಟ್ಟು, ಪುನಃ ನಿಲ್ಲುತ್ತಿತ್ತು. ಆರು ತಿಂಗಳೊಳಗಾಗಿ ಪಾಠ ಹೇಳುವಾಗಲೂ ಹಾಗೆಯೇ ಆಗತೊಡಗಿತು. ನೋವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಮಾತು ಮಾತ್ರ ತುಂಡುತುಂಡಾಗಿ ಹೊರಬೀಳುವುದು.

ಮನೆಯವರು ತಮಗೆ ತಿಳಿದುದನ್ನೆಲ್ಲ ಮಾಡಿದರು. ಜ್ಯೇಷ್ಠಮಧುವಿನ ಕಷಾಯ, ಕಲ್ಲುಸಕ್ಕರೆ ಮತ್ತು ಮೆಣಸು, ಜೇನಿನಲ್ಲಿ ತೇದ ಬಜೆ, ಬಿಸಿನೀರಿನ ಹಬೆ, ಹತ್ತು ದಿನಗಳ ಮೌನ, ಕಡೆಗೆ ಕುಲದೇವರಿಗೆ ಹರಕೆ. ಯಾವುದರಿಂದಲೂ ಗುಣ ಕಾಣಲಿಲ್ಲ. ಪಟ್ಟಣದ ವೈದ್ಯರೊಬ್ಬರು ಗಂಟಲೊಳಗೆ ಕನ್ನಡಿಯನ್ನಿಟ್ಟು ನೋಡಿ, ಹುಣ್ಣಿಲ್ಲ, ಗಂಟಿಲ್ಲ, ಬಾವಿಲ್ಲ, ಎಲ್ಲವೂ ಮನಸ್ಸಿನದು ಎಂದು ಹೇಳಿ ನಿದ್ರೆಯ ಮಾತ್ರೆಗಳನ್ನು ಬರೆದುಕೊಟ್ಟರು. ಚಿಕ್ಕಮ್ಮನವರು ಚೆನ್ನಾಗಿ ನಿದ್ರೆಮಾಡಿದರು. ಎಚ್ಚತ್ತ ಬಳಿಕ ಮಾತು ಹಿಂದಿನಂತೆಯೇ ಮುರಿಯಿತು.

ಇಷ್ಟರಲ್ಲಿ ಮನೆಯಲ್ಲಿ ಒಂದು ಸಂಗತಿ ಎಲ್ಲರ ಗಮನಕ್ಕೆ ಬಂದಿತು. ತೊಟ್ಟಿಲ ಮಗುವಿಗೆ ಜೋಗುಳ ಹಾಡುವಾಗ ಚಿಕ್ಕಮ್ಮನವರ ಸ್ವರದಲ್ಲಿ ಎಳ್ಳಷ್ಟೂ ತಡೆಯಿಲ್ಲ. ಪಕ್ಕದ ಮನೆಯವಳು ಏನಾದರೂ ಹಾಸ್ಯವಾಡಿದರೆ ಅವರು ಮೊದಲಿನಂತೆಯೇ ಗಟ್ಟಿಯಾಗಿ ನಗುವರು. ಪಿಸುಮಾತಿನಲ್ಲಿ ಹೇಳಿದರೆ ವಾಕ್ಯಕ್ಕೆ ವಾಕ್ಯವೇ ಸರಾಗವಾಗಿ ಬರುವುದು. ಅವರ ಅತ್ತೆಯವರು ಕೆಟ್ಟವರಲ್ಲ, ಆದರೆ ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಹಾಡುವುದಕ್ಕೆ ಬರುವ ದನಿ ಜವಾಬು ಹೇಳುವುದಕ್ಕೆ ಏಕೆ ಬಾರದು?" ಎಂದು ಕೇಳಿಬಿಟ್ಟರು. ಆ ದಿನದಿಂದ ಚಿಕ್ಕಮ್ಮನವರು ಹಾಡುವುದನ್ನೂ ನಿಲ್ಲಿಸಿದರು.

ಅತ್ತೆಯವರ ಪ್ರಶ್ನೆ ಕುಹಕದ ಪ್ರಶ್ನೆಯೆಂದು ನಾವು ಬಹುಕಾಲ ತಿಳಿದಿದ್ದೆವು. ಈ ವಿಷಯವನ್ನು ಓದಿ ತಿಳಿದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ರೋಗವನ್ನು ಗುರುತಿಸುವುದಕ್ಕೆ ಬೇಕಾದ ಪ್ರಶ್ನೆಯೇ ಅದು. ಅದನ್ನು ವೈದ್ಯರು ಕೇಳಿರಲಿಲ್ಲ, ಅತ್ತೆಯವರು ಕೇಳಿದರು. ಉತ್ತರ ಮಾತ್ರ ಅವರಿಗೆ ತಿಳಿದಿರಲಿಲ್ಲ.

ಈ ವ್ಯಾಧಿಗೆ ಆಂಗ್ಲ ವೈದ್ಯಶಾಸ್ತ್ರದಲ್ಲಿ ಸ್ಪಾಸ್ಮೋಡಿಕ್ ಡಿಸ್ಫೋನಿಯಾ ಎಂದು ಹೆಸರು. ಈಚೆಗೆ ಲ್ಯಾರಿಂಜಿಯಲ್ ಡಿಸ್ಟೋನಿಯಾ ಎಂದೂ ಹೇಳುವರು. ನಮ್ಮ ಕುತ್ತಿಗೆಯಲ್ಲಿ ಕೈಗೆ ಸಿಕ್ಕುವ ಧ್ವನಿಪೆಟ್ಟಿಗೆಯೊಳಗೆ ಎರಡು ಸ್ವರತಂತುಗಳಿವೆ. ಹೆಸರಿಗೆ ತಂತುಗಳಾದರೂ ಅವು ತಂತಿಗಳಲ್ಲ, ಸ್ನಾಯುವಿನಿಂದ ಕೂಡಿದ ಮೆತ್ತನೆಯ ಮಡಿಕೆಗಳು. ಉಸಿರಾಡುವಾಗ ಅವು ಬಾಗಿಲಿನ ಎರಡು ಕದಗಳಂತೆ ತೆರೆದಿರುತ್ತವೆ. ಮಾತಾಡುವಾಗ ಒಂದನ್ನೊಂದು ಮೃದುವಾಗಿ ಸೇರುತ್ತವೆ; ಕೆಳಗಿನಿಂದ ಬರುವ ಉಸಿರು ಅವನ್ನು ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಅದರ ಸುಮಾರು ಅರ್ಧದಷ್ಟು ಸಲ ನಡುಗಿಸುವುದು. ಆ ನಡುಕವೇ ನಮ್ಮ ದನಿ. ಈ ವ್ಯಾಧಿಯಲ್ಲಿ ಮೆದುಳಿನಿಂದ ಬರುವ ಅಪ್ಪಣೆಯು ತಪ್ಪಿ, ಕದಗಳನ್ನು ನಡೆಸುವ ಸ್ನಾಯುಗಳು ಮಾತಿನ ನಡುವೆ ತಮ್ಮಷ್ಟಕ್ಕೆ ತಾವೇ ಸೆಳೆತಕ್ಕೆ ಸಿಕ್ಕುತ್ತವೆ. ಗಂಟಲಿನಲ್ಲಿ ಏನೂ ಕಾಣುವುದಿಲ್ಲ, ಏಕೆಂದರೆ ಗಂಟಲಿನಲ್ಲಿ ಏನೂ ಇಲ್ಲ. ದೋಷವಿರುವುದು ಅಪ್ಪಣೆ ಕೊಡುವ ಠಾವಿನಲ್ಲಿ.

ಹಾಡಿಗೆ ತಡೆಯಿಲ್ಲದೆ ಮಾತಿಗೆ ಮಾತ್ರ ತಡೆಯೇಕೆ? ಮಾತಾಡುವುದಕ್ಕೂ ನಗುವುದಕ್ಕೂ ಅಳುವುದಕ್ಕೂ ಮೆದುಳು ಒಂದೇ ದಾರಿಯನ್ನು ಹಿಡಿಯುವುದಿಲ್ಲ. ಬರೆಹಗಾರರಿಗೆ ಬರುವ ಕೈಸೆಳೆತವನ್ನು ಕೆಲವರು ನೋಡಿರಬಹುದು. ಕಛೇರಿಯ ಗುಮಾಸ್ತನು ಲೇಖನಿ ಹಿಡಿದೊಡನೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಅದೇ ಬೆರಳುಗಳಿಂದ ಅವನು ಅಂಗಿಯ ಗುಂಡಿ ಹಾಕಿಕೊಳ್ಳುವನು, ಎಲೆಗೆ ಸುಣ್ಣ ಸವರುವನು. ಒಂದು ಕೆಲಸಕ್ಕೆ ಮಾತ್ರ ಅಂಟಿಕೊಳ್ಳುವ ಸೆಳೆತವಿದು. ಕಂಠದ ಸೆಳೆತವೂ ಅದರ ಸೋದರಿಯೇ. ಎಲ್ಲ ರೋಗಿಗಳೂ ಸರಾಗವಾಗಿ ಹಾಡಬಲ್ಲರೆಂದು ಹೇಳಲಾಗದು. ಆದರೆ ಅನೇಕರು ಹಾಡುವರು, ನಗುವರು, ಪಿಸುಗುಟ್ಟುವರು, ಮಾತಿಗೆ ಬಂದಾಗ ಮಾತ್ರ ಎಡವುವರು. ಇದನ್ನೇ ಕಂಡು ಜನರು ಸೋಗೆಂದರು, ವೈದ್ಯರು ಹುಚ್ಚೆಂದರು.

ವೈದ್ಯರು ಹಾಗೆಂದುದು ಒಂದೆರಡು ದಿನದ ಮಾತಲ್ಲ. 1871 ರಲ್ಲಿ ಲುಡ್ವಿಗ್ ಟ್ರೌಬೆ ಎಂಬ ಬರ್ಲಿನ್ನಿನ ವೈದ್ಯನು ಈ ವ್ಯಾಧಿಯನ್ನು ಮೊದಲು ವರ್ಣಿಸಿದಾಗಲೇ ಅದನ್ನು ಹಿಸ್ಟೀರಿಯಾದ ಸಾಲಿಗೆ ಸೇರಿಸಿದನು. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದೂ ನಡುವಯಸ್ಸಿನಲ್ಲಿ. ಹೆಂಗಸರ ಕಾಯಿಲೆಗೆ ಕಾರಣ ತಿಳಿಯದೆ ಹೋದಲ್ಲಿ ಹಿಸ್ಟೀರಿಯಾ ಎನ್ನುವುದು ಆ ಕಾಲದ ವೈದ್ಯರ ಸುಲಭೋಪಾಯವಾಗಿತ್ತು. ಸುಮಾರು 100 ವರ್ಷಗಳ ಕಾಲ ರೋಗಿಗಳನ್ನು ಮನೋವೈದ್ಯರಲ್ಲಿಗೆ ಅಟ್ಟಲಾಯಿತು. 1960 ರ ದಶಕದ ಕೊನೆಗೆ ಅಮೇರಿಕದ ಮೇಯೊ ಕ್ಲಿನಿಕ್ಕಿನ ಆರ್ನಾಲ್ಡ್ ಆರನ್ಸನ್ ಮೊದಲಾದವರು ರೋಗಿಗಳನ್ನು ಸರಿಯಾಗಿ ಪರೀಕ್ಷಿಸಿ, ಇದರಲ್ಲಿ ನರಸಂಬಂಧವಾದ ಲಕ್ಷಣಗಳಿವೆಯೆಂದು ತೋರಿಸಿದರು. ಮನಸ್ಸಿನ ಕಳವಳವಿದ್ದಾಗ ಸೆಳೆತ ಹೆಚ್ಚುವುದೇನೋ ನಿಜ. ಆದರೆ ಮಾತು ನಿಂತುಹೋದವರಿಗೆ ಕಳವಳವಾಗದಿರುವುದು ಹೇಗೆ? ಕಾರಣವನ್ನೂ ಫಲವನ್ನೂ ಅದಲುಬದಲು ಮಾಡಿ ನೋಡಿದುದೇ ಆ ನೂರು ವರ್ಷಗಳ ತಪ್ಪು.

ವ್ಯಾಧಿಯಲ್ಲಿ ಮುಖ್ಯವಾಗಿ ಎರಡು ಬಗೆ. ಕದಗಳು ಬಿಗಿಯಾಗಿ ಮುಚ್ಚಿಕೊಳ್ಳುವುದು ಒಂದು, ಮುಚ್ಚಬೇಕಾದಾಗ ತೆರೆದುಕೊಳ್ಳುವುದು ಮತ್ತೊಂದು. ಹತ್ತು ರೋಗಿಗಳಲ್ಲಿ ಎಂಟು ಒಂಬತ್ತು ಮಂದಿಗೆ ಮೊದಲನೆಯದು. ಅವರ ದನಿ ಹಿಸುಕಿದಂತೆ, ಕತ್ತರಿಸಿದಂತೆ ಕೇಳುವುದು. ಎರಡನೆಯದರಲ್ಲಿ ದನಿಯ ನಡುವೆ ಬರಿಯ ಗಾಳಿ ನುಗ್ಗಿ, ಮಾತು ಪಿಸುಗುಡುವಿಕೆಗೆ ಇಳಿಯುವುದು. ಇವೆರಡನ್ನು ಬೇರ್ಪಡಿಸುವ ಕ್ರಮದಲ್ಲಿ ನಮ್ಮ ವ್ಯಾಕರಣ ಓದಿದವರಿಗೆ ಸಂತೋಷವಾಗುವ ಒಂದು ಅಂಶವಿದೆ. ಗ ಜ ಡ ದ ಬ ಮೊದಲಾದವು ಘೋಷಾಕ್ಷರಗಳು, ಕ ಚ ಟ ತ ಪ ಮೊದಲಾದವು ಅಘೋಷಗಳೆಂದು ಎಲ್ಲರೂ ಬಾಯಿಪಾಠ ಮಾಡಿರುವೆವು. ಕಂಠವು ಮುಚ್ಚಿದಾಗ ನಾದವೂ ತೆರೆದಾಗ ಶ್ವಾಸವೂ ಹುಟ್ಟುವುದೆಂದು ತೈತ್ತಿರೀಯ ಪ್ರಾತಿಶಾಖ್ಯದಲ್ಲಿಯೇ ಹೇಳಿದೆ. ಸ್ವರತಂತುಗಳನ್ನು ಕಣ್ಣಾರೆ ನೋಡುವ ಉಪಾಯ ದೊರೆತುದಾದರೋ 1854 ರಲ್ಲಿ, ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಉಪಾಧ್ಯಾಯನು ಪುಟ್ಟ ಕನ್ನಡಿಯ ಸಹಾಯದಿಂದ ತನ್ನ ಕಂಠವನ್ನು ತಾನೇ ನೋಡಿಕೊಂಡಾಗ! ನಮ್ಮ ಹಿಂದಿನವರು ಕಿವಿಯಿಂದಲೇ ಇಷ್ಟನ್ನು ಕಂಡುಕೊಂಡಿದ್ದರು.

ಈ ಭೇದವೇ ಇಂದಿನ ಚಿಕಿತ್ಸಕರಿಗೆ ಅಳತೆಗೋಲಾಗಿದೆ. "ಅಣ್ಣ ಅಂಗಡಿಗೆ ಬೇಗ ಬರುವನು" ಎಂಬ ವಾಕ್ಯದಲ್ಲಿ ಆದಿಯಿಂದ ಅಂತ್ಯದವರೆಗೆ ನಾದವೇ. ಮುಚ್ಚುವ ಸೆಳೆತವಿದ್ದವರು ಇದರಲ್ಲಿ ಹೆಜ್ಜೆಹೆಜ್ಜೆಗೂ ಸಿಕ್ಕಿಬೀಳುವರು. "ಕಿಟ್ಟಪ್ಪ ಕಾಶಿ ಸುತ್ತಿ ಸೋತ" ಎಂಬುದರಲ್ಲಿ ವ್ಯಂಜನಗಳೆಲ್ಲ ಅಘೋಷ. ಅವರಿಗೆ ಇದು ಸುಲಭ, ತೆರೆಯುವ ಸೆಳೆತವಿದ್ದವರಿಗೆ ಇದೇ ಕಷ್ಟ. ಆಂಗ್ಲಭಾಷೆಯ ರೋಗಿಗಳಿಂದ ಎಂಬತ್ತರಿಂದಲೂ ಅರವತ್ತರಿಂದಲೂ ಎಣಿಸಿ ಹೇಳಿಸುವ ಪದ್ಧತಿಯಿದೆ, ಏಕೆಂದರೆ ಅವರ ಅರವತ್ತರ ಸಂಖ್ಯೆಗಳಲ್ಲಿ ಅಘೋಷಗಳು ತುಂಬಿವೆ. ನಮ್ಮ ಅರವತ್ತು ಹಾಗಲ್ಲ. ಪರಭಾಷೆಯ ಪರೀಕ್ಷೆಯನ್ನು ಹಾಗೆಯೇ ತಂದು ಕನ್ನಡದ ಬಾಯಿಗೆ ಇಟ್ಟರೆ ಫಲವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಮ್ಮ ಚಿಕ್ಕಮ್ಮನವರ ವ್ಯಾಧಿಯನ್ನು ಗುರುತಿಸಿದುದು ಇಂತಹ ವಾಕ್ಯಗಳಿಂದಲೇ. ವ್ಯಾಧಿ ತೊಡಗಿ ಆರು ವರ್ಷಗಳಾದ ಮೇಲೆ ಅವರು ಒಬ್ಬ ವಾಕ್‌ಚಿಕಿತ್ಸಕಿಯ ಮುಂದೆ ಕುಳಿತರು. ಆಕೆ ಔಷಧದ ಮಾತೆತ್ತಲಿಲ್ಲ. ಓದಿಸಿದಳು, ಎಣಿಸಿದಳು, ಪಿಸುಗುಟ್ಟಿಸಿದಳು. ಕೊನೆಗೆ, "ನಿಮಗೆ ಬರುವ ಯಾವುದಾದರೂ ಜೋಗುಳ ಹಾಡಿ" ಎಂದಳು. ಚಿಕ್ಕಮ್ಮನವರು ಹಾಡಲಿಲ್ಲ, ಅತ್ತುಬಿಟ್ಟರು. ಅಳುವಿನಲ್ಲಿಯೂ ದನಿ ಮುರಿಯಲಿಲ್ಲವೆಂದು ಆಕೆ ಬರೆದುಕೊಂಡಳಂತೆ.

ಇಂತಹ ಪರೀಕ್ಷೆಗೆ ಕಿವಿ ಪಳಗಿರಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965 ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಈ ವಿದ್ಯೆಯ ಶಿಕ್ಷಣವೇ ನಡೆಯುವುದು. ಗಂಟಲ ವೈದ್ಯರು, ವಾಕ್‌ಚಿಕಿತ್ಸಕರು, ನರವೈದ್ಯರು ಮೂವರೂ ಕೂಡಿ ನೋಡಿದರೆ ಒಳಿತು. ಏಕೆಂದರೆ ಕೇಳುವುದಕ್ಕೆ ಇದರಂತೆಯೇ ಇರುವ ಇನ್ನೊಂದು ತೊಂದರೆಯಿದೆ: ದನಿಯನ್ನು ಅತಿಯಾಗಿ ಬಿಗಿಹಿಡಿದು ಮಾತಾಡುವುದರಿಂದ ಬರುವುದು. ಅದು ಎಲ್ಲ ಬಗೆಯ ಉಚ್ಚಾರದಲ್ಲಿಯೂ ಒಂದೇ ಸಮನಾಗಿರುವುದು. ಉಸಿರಿನ ಮತ್ತು ದನಿಯ ಅಭ್ಯಾಸದಿಂದಲೇ ಬಹುಮಟ್ಟಿಗೆ ಗುಣವಾಗುವುದು. ಸೆಳೆತದ ವ್ಯಾಧಿ ಅಭ್ಯಾಸಮಾತ್ರದಿಂದ ಹೋಗುವುದಿಲ್ಲ.

ಚಿಕಿತ್ಸೆಯ ಮೊದಲನೆಯ ದಾರಿ ಕತ್ತರಿಯದು. 1976 ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹರ್ಬರ್ಟ್ ಡೀಡೋ ಎಂಬ ಶಸ್ತ್ರವೈದ್ಯನು ಒಂದು ಪಕ್ಕದ ಸ್ವರತಂತುವಿಗೆ ಹೋಗುವ ನರವನ್ನೇ ಕತ್ತರಿಸಿದ ವಿವರವನ್ನು ಪ್ರಕಟಿಸಿದನು. ರೋಗಿಗಳು ಕೂಡಲೇ ಸರಾಗವಾಗಿ ಮಾತಾಡಿದರು, ಎಲ್ಲೆಲ್ಲೂ ಸಂಭ್ರಮವಾಯಿತು. ಆದರೆ 1983 ರಲ್ಲಿ ಆರನ್ಸನ್ ಮತ್ತು ಡಿಸ್ಯಾಂಟೋ ಎಂಬವರು ಇಂತಹ 33 ರೋಗಿಗಳನ್ನು ಮೂರು ವರ್ಷಗಳಾದ ಮೇಲೆ ನೋಡಿದಾಗ, 64 ಪ್ರತಿಶತ ಮಂದಿಗೆ ಗುಣವು ನಿಂತಿರಲಿಲ್ಲ. ಸೆಳೆತ ಹಿಂತಿರುಗಿತ್ತು, ಕತ್ತರಿಸಿದ ನರ ಮಾತ್ರ ಹಿಂತಿರುಗುವಂತಿರಲಿಲ್ಲ.

ಎರಡನೆಯ ದಾರಿ ತೆರೆದುದು ವಿಷದಿಂದ. ಕೆಟ್ಟ ಮಾಂಸದಲ್ಲಿ ಹುಟ್ಟಿ ಮನುಷ್ಯನ ಸ್ನಾಯುಗಳನ್ನೆಲ್ಲ ಸಡಿಲಿಸಿ ಕೊಲ್ಲುವ ಒಂದು ವಿಷವು ಯೂರೋಪಿನಲ್ಲಿ ಬಹುಕಾಲದಿಂದ ತಿಳಿದಿತ್ತು. ಜರ್ಮನಿಯ ಯುಸ್ಟಿನುಸ್ ಕೆರ್ನರ್ ಎಂಬಾತನು ವೈದ್ಯನೂ ಕವಿಯೂ ಆಗಿದ್ದನು. ಇದನ್ನು ಅತ್ಯಲ್ಪವಾಗಿ ಕೊಟ್ಟರೆ ಹದ ಮೀರಿದ ನರಗಳಿಗೆ ಔಷಧವಾದೀತೆಂದು ಅವನು 1822 ರಲ್ಲಿಯೇ ಊಹಿಸಿದ್ದನು. 1895 ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಎಲ್‌ಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ ಮೇಳದವರು ಊಟಮಾಡಿದ ಹಂದಿಮಾಂಸದಲ್ಲಿ ಈ ವಿಷವಿದ್ದು, ಮೂವರು ಸತ್ತರು. ಎಮಿಲ್ ಫಾನ್ ಎರ್ಮೆಂಗೆಮ್ ಎಂಬ ವಿದ್ವಾಂಸನು ಆ ಮಾಂಸದಿಂದಲೇ ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದನು. ಊದುವ ವಾದ್ಯದವರನ್ನು ಕೊಂದ ವಿಷವು ಒಂದು ಶತಮಾನದೊಳಗೆ ಮಾತು ನಿಂತವರಿಗೆ ಮದ್ದಾದುದು ವಿಧಿಯ ವಿನೋದವೆನ್ನಬೇಕು.

ಇದೇ ಬೋಟುಲಿನಮ್ ಎಂಬ ವಿಷ. ಬೋಟಾಕ್ಸ್ ಎಂಬ ವ್ಯಾಪಾರದ ಹೆಸರಿನಿಂದ ಈಗ ಪ್ರಸಿದ್ಧವಾಗಿದೆ. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ರಸವನ್ನು ಇದು ತಡೆಯುವುದು. ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಎಂಬ ನೇತ್ರವೈದ್ಯನು ಇದನ್ನು ಮೆಳ್ಳೆಗಣ್ಣಿಗೆ ಉಪಯೋಗಿಸಿ ದಾರಿ ತೋರಿದನು. 1984 ರಲ್ಲಿ ನ್ಯೂಯಾರ್ಕಿನ ಆಂಡ್ರೂ ಬ್ಲಿಟ್ಜರ್ ಮತ್ತು ಮಿಚೆಲ್ ಬ್ರಿನ್ ಎಂಬ ವೈದ್ಯರು ಸ್ವರತಂತುವಿಗೆ ಚುಚ್ಚಿದರು. ಅಂದಿನಿಂದ ಇಂದಿನವರೆಗೆ ಇದೇ ಮುಖ್ಯ ಚಿಕಿತ್ಸೆಯಾಗಿ ನಿಂತಿದೆ. ಪ್ರಮಾಣವೋ ಅತ್ಯಲ್ಪ. ಹುಬ್ಬುಗಳ ನಡುವಣ ಸುಕ್ಕನ್ನು ಅಳಿಸುವುದಕ್ಕೆ 20 ಯೂನಿಟ್ ಬೇಕಾದರೆ, ಸ್ವರತಂತುವಿಗೆ ಸಾಮಾನ್ಯವಾಗಿ ಒಂದೆರಡು ಯೂನಿಟ್ ಸಾಕು, ಕೆಲವರಿಗೆ ಅದಕ್ಕಿಂತಲೂ ಕಡಮೆ.

ಚುಚ್ಚುವ ವಿಧಾನವನ್ನು ಕೇಳಿದರೆ ಎದೆ ಝಲ್ಲೆನ್ನುವುದು, ಆದರೆ ಕೆಲಸವು ಕೆಲವು ನಿಮಿಷಗಳದು. ಕುತ್ತಿಗೆಯ ಮುಂಭಾಗದಲ್ಲಿ ಎರಡು ಮೃದ್ವಸ್ಥಿಗಳ ನಡುವೆ ಒಂದು ತೆಳುವಾದ ಪೊರೆಯಿದೆ. ಅದರ ಮೂಲಕ ಸೂಜಿಯು ಒಳಕ್ಕೆ ಹೋಗುವುದು. ಸೂಜಿಗೆ ವಿದ್ಯುದ್ಯಂತ್ರದ ಸಂಬಂಧವಿರುವುದರಿಂದ, ಅದು ಸರಿಯಾದ ಸ್ನಾಯುವನ್ನು ಮುಟ್ಟಿದಾಗ ರೋಗಿಯು "ಈ" ಎಂದರೆ ಯಂತ್ರವು ಗೊರಗೊರನೆ ಸದ್ದುಮಾಡುವುದು. ಆ ಸದ್ದನ್ನು ಕೇಳಿಯೇ ವೈದ್ಯರು ಮದ್ದನ್ನು ಬಿಡುವರು.

ಅನಂತರದ ಕಥೆಯನ್ನು ಮನೆಯವರು ಮುಂಚಿತವಾಗಿ ತಿಳಿದಿರಬೇಕು, ಇಲ್ಲದಿದ್ದರೆ ಗಾಬರಿಯಾಗುವರು. ಒಂದೆರಡು ದಿನಗಳಲ್ಲಿ ದನಿಯು ಇನ್ನೂ ಕೆಟ್ಟಂತೆ ತೋರುವುದು. ಸೆಳೆತ ಹೋಗಿ ಬರಿಯ ಗಾಳಿದನಿ ಉಳಿಯುವುದು. ನೀರು ಕುಡಿದರೆ ನೆತ್ತಿಗೇರುವುದು. ಇದು ಒಂದೆರಡು ವಾರ. ಸಣ್ಣ ಗುಟುಕಾಗಿ, ತಲೆಯನ್ನು ತುಸು ತಗ್ಗಿಸಿ ಕುಡಿಯಬೇಕು. ನಮ್ಮವರು ಎತ್ತಿ ಕುಡಿಯುವ ವಾಡಿಕೆಯನ್ನು ಆ ದಿನಗಳಲ್ಲಿ ಬಿಡುವುದೇ ಲೇಸು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಏನೂ ನುಂಗಲಾಗದಂತಾದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಆಮೇಲೆ ದನಿಯು ಕೂಡಿಬಂದು ಕೆಲವು ತಿಂಗಳು ಚೆನ್ನಾಗಿರುವುದು. ಚುಚ್ಚಿದ ದಿನದಿಂದ ಸುಮಾರು ಮೂರು ನಾಲ್ಕು ತಿಂಗಳಿಗೆ ನರದ ತುದಿಗಳು ಚೇತರಿಸಿಕೊಂಡು ಸೆಳೆತ ಮರಳುವುದು, ಪುನಃ ಸೂಜಿ. ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ತೆರೆಯುವ ಸೆಳೆತದವರಿಗೆ ಚುಚ್ಚಬೇಕಾದ ಸ್ನಾಯು ಹಿಂಬದಿಯಲ್ಲಿರುವುದರಿಂದ ಕೆಲಸವೂ ಕಷ್ಟ, ಫಲವೂ ಅಷ್ಟು ನಿಶ್ಚಿತವಲ್ಲ.

ಹೀಗೆ ಏರಿಳಿಯುವ ದನಿಯಿಂದಲೇ ಬಾಳನ್ನು ಸಾಗಿಸಿದವರುಂಟು. ವಾಷಿಂಗ್ಟನ್ನಿನ ರೇಡಿಯೋದಲ್ಲಿ ಪ್ರತಿದಿನ ಸಂಭಾಷಣೆ ನಡೆಸುತ್ತಿದ್ದ ಡಯಾನ್ ರೇಮ್ ಎಂಬ ಮಹಿಳೆಗೆ ಈ ವ್ಯಾಧಿಯಿರುವುದು 1998 ರಲ್ಲಿ ಗೊತ್ತಾಯಿತು. ದನಿಯೇ ಜೀವನೋಪಾಯವಾಗಿದ್ದ ಆಕೆ ಸೂಜಿಮದ್ದಿನ ಆಸರೆಯಿಂದ 2016 ರವರೆಗೆ ಆ ಕಾರ್ಯಕ್ರಮವನ್ನು ನಡೆಸಿದಳು. ಕೇಳುವವರು ಆಕೆಯ ನಿಧಾನವಾದ ನಡುಗುದನಿಗೆ ಒಗ್ಗಿಕೊಂಡರು. ವ್ಯಂಗ್ಯಚಿತ್ರಕಾರ ಸ್ಕಾಟ್ ಆಡಮ್ಸನ ಅನುಭವ ಇನ್ನೂ ಕೌತುಕಕರ. ಮಾತು ನಿಂತಿದ್ದ ಅವನಿಗೆ 2006 ರಲ್ಲಿ ಮಕ್ಕಳ ಪ್ರಾಸಪದ್ಯವೊಂದನ್ನು ಹೇಳುವಾಗ ದನಿ ಸರಾಗವಾಗಿ ಬಂದಿತು. ಅದನ್ನೇ ಹೇಳುತ್ತ ಹೇಳುತ್ತ ಮಾತನ್ನೂ ಒಂದಿಷ್ಟು ಮರಳಿ ಪಡೆದನು. ಆದರೂ ಕಡೆಗೆ 2008 ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಆ ಶಸ್ತ್ರಚಿಕಿತ್ಸೆ ಡೀಡೋವಿನದಲ್ಲ. ಲಾಸ್ ಏಂಜಲೀಸಿನ ಜೆರಾಲ್ಡ್ ಬರ್ಕೆ ಎಂಬವನು 1990 ರ ದಶಕದಲ್ಲಿ ಕಂಡುಹಿಡಿದ ಕ್ರಮದಲ್ಲಿ, ಮುಚ್ಚುವ ಸ್ನಾಯುವಿಗೆ ಹೋಗುವ ಕಿರುಗವಲನ್ನು ಮಾತ್ರ ಕತ್ತರಿಸಿ, ಹಳೆಯ ನರವು ಹಿಂತಿರುಗದಂತೆ ಕುತ್ತಿಗೆಯ ಬೇರೊಂದು ನರವನ್ನು ತಂದು ಅಲ್ಲಿ ಕಸಿಮಾಡುವರು. ಜಪಾನಿನ ಕ್ಯೋಟೋದ ನೊಬುಹಿಕೊ ಇಶಿಕಿ ಎಂಬಾತನದು ಮತ್ತೊಂದು ದಾರಿ: ಧ್ವನಿಪೆಟ್ಟಿಗೆಯ ಮುಂಭಾಗದ ಮೃದ್ವಸ್ಥಿಯನ್ನು ಸೀಳಿ, ಎರಡು ಭಾಗಗಳನ್ನು ತುಸು ಅಗಲಿಸಿ, ನಡುವೆ ಟೈಟೇನಿಯಮ್ ಲೋಹದ ಸೇತುವೆಯನ್ನಿಡುವುದು. ಕದಗಳು ಎಷ್ಟೇ ಸೆಳೆದರೂ ಬಿಗಿಯಾಗಿ ಅಪ್ಪಳಿಸವು. ರೋಗಿಗೆ ಎಚ್ಚರವಿರುವಾಗಲೇ, ಆ ಜಾಗಕ್ಕೆ ಮಾತ್ರ ಮರವೆಮದ್ದು ಕೊಟ್ಟು, ಮಾತಾಡಿಸಿ ಕೇಳುತ್ತ ಅಂತರವನ್ನು ನಿರ್ಣಯಿಸುವರಂತೆ. ವೀಣೆಯ ಬಿರಡೆ ತಿರುಗಿಸಿ ಶ್ರುತಿ ಕೂಡಿಸುವವನ ನೆನಪು ನಮಗೆ ಬಂದಿತು. ಇವೆಲ್ಲ ಪಳಗಿದ ಕೈಗಳ ಕೆಲಸ. ಸೂಜಿಯನ್ನು ಪ್ರಯೋಗಿಸಿ ನೋಡದೆ ಇವಕ್ಕೆ ಆತುರಪಡುವುದು ಸಲ್ಲದು.

ಗೃಹಸ್ಥರಿಗೆ ಒಂದು ಮಾತು. ಒಡೆದ ದನಿಯೆಲ್ಲ ಸೆಳೆತವಲ್ಲ. ದನಿಯು ಕೆಟ್ಟು ಮೂರು ನಾಲ್ಕು ವಾರಗಳಾದರೂ ಸರಿಹೋಗದಿದ್ದರೆ, ಅದರಲ್ಲಿಯೂ ಹೊಗೆಸೊಪ್ಪಿನ ಅಭ್ಯಾಸವಿದ್ದವರಲ್ಲಿ, ಗಂಟಲ ವೈದ್ಯರಿಗೆ ತೋರಿಸಲೇಬೇಕು. ಬೇರೆ ಕೆಡುಕು ಇಲ್ಲವೆಂಬುದು ಮೊದಲು ಖಚಿತವಾಗಲಿ. ಗಂಟಲು ಚೊಕ್ಕಟವಾಗಿದೆಯೆಂದು ವೈದ್ಯರು ಹೇಳಿದರೂ ದನಿ ಮುರಿಯುತ್ತಲೇ ಇದ್ದರೆ, ನಗುವಾಗ, ಹಾಡುವಾಗ, ಪಿಸುಗುಟ್ಟುವಾಗ ಹೇಗಿದೆಯೆಂದು ಗಮನಿಸಿ ಅದನ್ನು ವೈದ್ಯರಿಗೆ ಹೇಳಿರಿ. ರೋಗಿಯ ವಾಕ್ಯವನ್ನು ನೀವು ಮುಗಿಸಿಕೊಡಬೇಡಿರಿ. ಮನೆಯಲ್ಲಿ ರೇಡಿಯೋ ಮೊದಲಾದುವುಗಳ ಗದ್ದಲವನ್ನು ತಗ್ಗಿಸಿದರೆ ಅವರಿಗೆ ಅರ್ಧ ಶ್ರಮ ಉಳಿಯುವುದು.

ಚಿಕ್ಕಮ್ಮನವರಿಗೆ ಸೂಜಿಮದ್ದು ದೊರೆಯುವ ವೇಳೆಗೆ ಅವರು ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಎರಡು ವರ್ಷಗಳಾಗಿದ್ದವು. ಅದು ಮರಳಿ ಬರಲಿಲ್ಲ. ಈಗ ವರ್ಷಕ್ಕೆ ಮೂರು ಸಲ ಪಟ್ಟಣಕ್ಕೆ ಹೋಗಿ ಬರುವರು. ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿಯ ದಿನಕ್ಕೊಂದು ಕೆಂಪು ಗುರುತು, ಅದಾದ ಎರಡು ವಾರಕ್ಕೊಂದು ಹಸುರು ಗುರುತು ಇರುತ್ತವೆ. ಹಸುರು ಗುರುತಿನ ಮೇಲೆಯೇ ಮದುವೆ ಮುಂಜಿಗಳಿಗೆ ಕರೆಯಹೋಗುವುದು, ಮಗಳೊಡನೆ ದೂರವಾಣಿಯಲ್ಲಿ ಗಂಟೆಗಟ್ಟಲೆ ಮಾತು. ಆ ಗುರುತುಗಳನ್ನು ಹಾಕುವವರು ಅವರ ಅತ್ತೆಯವರು. ಕಣ್ಣು ಮಂಜಾಗಿರುವುದರಿಂದ ಒಮ್ಮೊಮ್ಮೆ ಒಂದು ದಿನ ಹಿಂದೆ ಮುಂದೆ ಆಗುವುದುಂಟು.